ಆಡದವನ ಇಸ್ಪೀಟ್ ಪುಸ್ತಕಗಳು

ಕುಡಿಯದವನು ಖಾಲಿ ಬಾಟಲಿ ಕೂಡಿಸಿಟ್ಟರೆ ಜನ ಏನು ಅಂದುಕೊಳ್ಳುತ್ತಾರೋ, ನನ್ನ ಬಗ್ಗೆಯೂ ಅದನ್ನೇ ಅಂದುಕೊಳ್ಳುತ್ತಾರೆ. ಹೀಗಾಗಿ ನನ್ನ ಪಾಲಿಗೆ ಫಜೀತಿಗಳು ತಪ್ಪಿದ್ದೇ ಇಲ್ಲ. ನಾನು ಬೀದರಿನ ಕಾಲೇಜೊಂದರಲ್ಲಿ ಗಣಿತ ಕಲಿಸುವವನು. ಇಸ್ಪೀಟಿನಲ್ಲಿ ಪೋಕರ್ ಎಂಬ ಆಟವಿದೆ, ನಮ್ಮ ಕಡೆಯ ತೀನ್ ಪತ್ತಿಗೆ ದೊಡ್ಡಣ್ಣ ಅನ್ನಿ. ಆ ಆಟದ ಮೇಲಿನ ಹಳೆಯ ಪುಸ್ತಕ ಎಲ್ಲಿ ಕಂಡರೂ ನಾನು ಬಿಡುವುದಿಲ್ಲ. ಮೊದಲನೆಯದನ್ನು ಕೊಂಡದ್ದು ಸಂಭವನೀಯತೆಯ ಪಾಠಕ್ಕೆಂದು. ಉಳಿದ ಹನ್ನೊಂದಕ್ಕೆ ಕಾರಣ ಹೇಳಲು ಬರುವುದಿಲ್ಲ, ಪ್ರೀತಿ ಅಷ್ಟೇ. ಆಟವನ್ನು ಮಾತ್ರ ಇಂದಿಗೂ ಒಮ್ಮೆಯೂ ಆಡಿಲ್ಲ.

೧. ಮೂಸಿ ನೋಡಿದ ಮಾಲು

ಹಳೇ ಊರಿನ ರದ್ದಿ ಅಂಗಡಿಯ ಸಾಬರು ನನ್ನನ್ನು ಬಹಳ ವರ್ಷಗಳಿಂದ ಬಲ್ಲವರು. ಒಂದು ದಿನ ಅಲ್ಲಿ ಚರ್ಮದ ರಟ್ಟಿನ, ಅಂಚಿಗೆ ಬಂಗಾರದ ಬಣ್ಣವಿದ್ದ ಪೋಕರ್ ಪುಸ್ತಕ ಕಂಡಿತು. ಹೈದರಾಬಾದಿನ ಯಾವುದೋ ಕ್ಲಬ್ಬಿನಿಂದ ಹೊರಟು ಯಾರ್‍ಯಾರದೋ ಮನೆ ಸುತ್ತಿ ಬಂದಿರಬೇಕು. ಒಳ್ಳೆಯ ಎಲೆ ಕೈಗೆ ಬಂದಾಗ ಮುಖದ ಒಂದು ಗೆರೆಯೂ ಅಲುಗಬಾರದು ಎಂಬುದೇ ಅದರ ಮೊದಲ ಅಧ್ಯಾಯ. ಹಳೆಯ ಹಾಳೆಯ ವಾಸನೆ ಮೂಸಿ, ಅದನ್ನು ಅಲ್ಲೇ ನಿಂತು ಓದಿ, ಹೇಳಿದಂತೆಯೇ ಮುಖ ಮಾಡಿಕೊಂಡು, ನಾಲ್ಕು ಹಳೆಯ ಗೈಡುಗಳ ನಡುವೆ ಪುಸ್ತಕ ತೂರಿಸಿ ತಕ್ಕಡಿಗೆ ಹಾಕಿದೆ. ಸಾಬರು ಗೈಡುಗಳನ್ನೆಲ್ಲ ಬಿಟ್ಟು ಅದೊಂದನ್ನೇ ಎತ್ತಿ ಪಕ್ಕಕ್ಕಿಟ್ಟರು.

"ಅದನ್ಯಾಕ ತಗದ್ರಿ?"

"ಇದು ತೂಕದಾಗ ಬರಲ್ರಿ ಸರ್."

"ಅದೂ ರದ್ದಿನೇ ಅಲ್ಲೇನ್ರಿ?"

"ರದ್ದಿನೇ ಇತ್ರಿ, ನೀವು ಮೂಸಿ ನೋಡೋ ತನಕ."

೨. ನಾಲ್ಕನೆಯವ

ಔರಾದದಲ್ಲಿ ನಿವೃತ್ತ ಓವರ್‌ಸಿಯರ್ ಒಬ್ಬರ ಟ್ರಂಕಿನಲ್ಲಿ ಇಂಥದ್ದೊಂದು ಪುಸ್ತಕವಿದೆ ಎಂದು ಸುದ್ದಿ ಸಿಕ್ಕಿತು. ಬಸ್ಸಿಳಿದು ಚಹಾದಂಗಡಿಯಲ್ಲಿ ವಿಚಾರಿಸಿದೆ. ಮಾಸ್ತರನಾದವನು ಇಸ್ಪೀಟಿನ ಮಾತೆತ್ತುವುದು ಹೇಗೆಂದು ನಾಚಿಕೆಯಾಗಿ, ಅಂಗಡಿಯವನ ಕಿವಿಯ ಹತ್ತಿರ ಬಾಗಿ, "ಇಸ್ಪೀಟ್ ಪುಸ್ತಕ ಇಟ್ಟವರ ಮನಿ ಎಲ್ಲದರಿ?" ಎಂದು ಪಿಸುಗುಟ್ಟಿದೆ. ಅವನು ಎಲ್ಲ ತಿಳಿದವನಂತೆ ಕಣ್ಣು ಮಿಟುಕಿಸಿ ನನ್ನನ್ನು ಹಿಟ್ಟಿನ ಗಿರಣಿಯ ಹಿಂದಕ್ಕೆ ಕರೆದೊಯ್ದ. ಅಲ್ಲಿ ಗೋಣಿತಟ್ಟಿನ ಮೇಲೆ ಮೂವರು ಎಲೆ ಹಿಡಿದು ಕೂತಿದ್ದರು.

"ಬರ್ರಿ, ಕುಂದರ್ರಿ. ನಾಕನೇದವ ಇನ್ನಾ ಬಂದಿಲ್ಲ," ಎಂದರು ಅವರಲ್ಲಿ ಹಿರಿಯರು.

"ನನಗ ಆಡ್ಲಿಕ್ಕಿ ಬರಲ್ರಿ. ಬರೇ ಪುಸ್ತಕ ಓದ್ತೇನಿ."

ಮೂವರೂ ಮುಖ ಮುಖ ನೋಡಿಕೊಂಡರು. "ಎಷ್ಟು ಓದೀರಿ?"

"ಹನ್ನೊಂದು."

ಹಿರಿಯರು ಎಲೆ ಕೆಳಗಿಟ್ಟು ನನ್ನ ಭುಜ ತಟ್ಟಿದರು. "ಹನ್ನೊಂದು ಓದಿನೂ ಬರಲ್ಲಂದ್ರ ಬಿಟ್ಟುಬಿಡ್ರಿ ಸರ್. ಮನಿ ಕಡಿ ನೋಡ್ಕೋರಿ."

ಆಮೇಲೆ ಓವರ್‌ಸಿಯರರ ಮನೆ ಸಿಕ್ಕಿತು, ಹನ್ನೆರಡನೆಯ ಪುಸ್ತಕವೂ ಸಿಕ್ಕಿತು. ನನ್ನ ಬಳಿ ಇದ್ದವುಗಳಲ್ಲೆಲ್ಲ ಅಪರೂಪದ್ದು ಅದೇ. ಆದರೆ ಗೋಣಿತಟ್ಟಿನ ಮೇಲಿದ್ದ ಮೂವರಲ್ಲಿ ಒಬ್ಬ, ಹೆಂಡತಿಯ ತವರಿಗೆಂದು ಬಂದಿದ್ದ ಬೀದರಿನ ನಮ್ಮ ಓಣಿ ಚಿದ್ರಿಯ ಕಿರಾಣಿಯವನು. ಅವನ ಫೋನು ನನ್ನ ಬಸ್ಸಿಗಿಂತ ಮುಂಚೆ ಊರು ಮುಟ್ಟಿತ್ತು. ಬಾಗಿಲಲ್ಲೇ ನಿಂತಿದ್ದ ನನ್ನ ಹೆಂಡತಿ ಒಂದೇ ಮಾತು ಕೇಳಿದಳು.

"ಗೆದ್ರೋ, ಸೋತ್ರೋ?"

೩. ಅಜ್ಜನ ಮುಂದೆ ಓದು

ನಿಜವಾದ ಪೇಚು ಬಂದದ್ದು ಅದರ ಮರುವಾರ. ನನ್ನ ಮಗಳು ಭಾಲ್ಕಿಯಲ್ಲಿ ಟೀಚರು. ಅವಳಿಗೆ ಬಂದ ಸಂಬಂಧ ಸಾಯಗಾಂವದ ಹುಡುಗನದು, ಅವನೂ ಅಲ್ಲೇ ದನದ ಡಾಕ್ಟರು. ಅವರ ಮನೆಯವರು ಭಾನುವಾರ ಹೆಣ್ಣು ನೋಡಲು ಬರುವುದೆಂದಾಯಿತು. ಹುಡುಗನ ಅಜ್ಜ ಭಾರೀ ನೇಮಸ್ಥರು, ಇಸ್ಪೀಟ್ ಆಡುವವರ ಮನೆಯಲ್ಲಿ ನೀರೂ ಮುಟ್ಟುವುದಿಲ್ಲ ಎಂದು ಯಾರೋ ಹೇಳಿದರು. ಕಿರಾಣಿಯವನ ಸುದ್ದಿ ಓಣಿಯಲ್ಲಿ ಇನ್ನೂ ಬಿಸಿಯಾಗಿಯೇ ಇತ್ತು.

"ಎಲ್ಲಾ ರದ್ದಿಗಿ ಹಾಕ್ರಿ," ಎಂದಳು ಹೆಂಡತಿ.

ಮಗಳು ನನ್ನ ಹತ್ತಿರ ಬಂದು ಕೂತಳು. "ಹುಡುಗ ನನ್ನ ಮನಸಿಗಿ ಬಂದಾನ ಅಪ್ಪಾ. ಆದ್ರ ನಿನ್ನ ಪುಸ್ತಕ ಹೊರಗ ಹಾಕೋದು ಬ್ಯಾಡ. ಒಂದು ದಿನ ಮುಚ್ಚಿಡೋಣು. ನೀ ಸುಮ್ಮ ಕುಂತ್ರ ಸಾಕು." ತನಗಾಗಿ ಏನನ್ನೂ ಕೇಳಿದವಳಲ್ಲ ಅವಳು.

ಹೆಂಡತಿ ಹನ್ನೆರಡನ್ನೂ ಬೇರೆ ಬೇರೆ ಕಾವಿ ಬಟ್ಟೆಯಲ್ಲಿ ಸುತ್ತಿ, ವಚನದ ಪುಸ್ತಕಗಳ ಸಾಲಿನಲ್ಲೇ ಜೋಡಿಸಿದಳು. "ಇನ್ನ ಯಾರೂ ಮುಟ್ಟಲ್ಲ," ಎಂದಳು. ಶರಣರ ಮನೆಗೆ ಬಂದ ಹಿರಿಯರು ಮೊದಲು ಮುಟ್ಟುವುದೇ ವಚನದ ಸಾಲನ್ನು ಎಂಬುದು ಇಬ್ಬರಿಗೂ ಹೊಳೆಯಲಿಲ್ಲ.

ಭಾನುವಾರ ಬಂದರು. ಹಣೆ ತುಂಬ ವಿಭೂತಿ ಧರಿಸಿದ ಅಜ್ಜ, "ಮಾತಿಗಿಂತ ಮೊದಲ ನಾಕು ವಚನ ಕೇಳೋಣ್ರಿ," ಎಂದವರೇ ತಾವೇ ಎದ್ದು ಒಂದು ಗಂಟು ತೆಗೆದು, ಕಣ್ಣಿಗೊತ್ತಿಕೊಂಡು ನನ್ನ ಕೈಗಿಟ್ಟರು. ಬಿಚ್ಚಿದೆ. ಔರಾದದ್ದು. ಇಂಗ್ಲಿಷಿನದು. ಅಡುಗೆಮನೆಯ ಪರದೆಯ ಹಿಂದೆ ಮಗಳ ಕಾಲು ಕಾಣುತ್ತಿದ್ದವು. ನಿಲ್ಲಿಸಿದರೆ ಅವಳ ಸಂಬಂಧ ಹೋಯಿತು ಎಂದುಕೊಂಡು, ಕಣ್ಣಿಗೆ ಬಿದ್ದ ಪುಟವನ್ನೇ ಕನ್ನಡ ಮಾಡುತ್ತ ಓದತೊಡಗಿದೆ.

"ತನ್ನ ಕೈಯಲ್ಲಿರುವುದನ್ನು ತಾನರಿತವನೇ ಜಾಣ."

ಅಜ್ಜ ಕಣ್ಣು ಮುಚ್ಚಿ ತಲೆದೂಗಿದರು.

"ಪರರ ಕೈ ಕಂಡು ಕರುಬಬೇಡ."

ಹುಡುಗನ ಕಡೆಯ ಹೆಂಗಸರು ಕೈ ಮುಗಿದರು. ನನಗೂ ಧೈರ್ಯ ಬಂತು. ಅಷ್ಟರಲ್ಲಿ ಒಂದು ಉದಾಹರಣೆ ಎದುರಾಯಿತು. ಬರೇ ಎರಡು ಗುಲಾಮ ಹಿಡಿದವನೊಬ್ಬ, ಎದುರಾಳಿಯ ಹತ್ತಿರ ಮೂರು ರಾಜ ಇದ್ದರೂ ಏಳದೆ ಕೂತು ಹಾಳಾದ ಕಥೆ. ಗುಲಾಮರನ್ನು ಸೇವಕರನ್ನಾಗಿ ಮಾಡಿ ಓದಿದೆ.

"ಇಬ್ಬರು ಸೇವಕರನ್ನು ನಂಬಿದ್ದನೊಬ್ಬ. ಮೂವರು ಅರಸರು ಎದುರಿಗೆ ನಿಂತರೂ ಅವನು ಹಟ ಹಿಡಿದು ಕೂತೇ ಇದ್ದ."

ಅಜ್ಜ ಕಣ್ಣು ತೆರೆದರು. ನನ್ನ ಹೆಂಡತಿ ಚಹಾದ ತಟ್ಟೆ ಹಿಡಿದು ನಿಂತಲ್ಲೇ ನಿಂತಳು. ಅಜ್ಜ ಮೆಲ್ಲಗೆ ನನ್ನ ಕಡೆ ವಾಲಿ, ನನಗೊಬ್ಬನಿಗೇ ಕೇಳುವಂತೆ ಹೇಳಿದರು:

"ಎದುರಿಗಿ ಮೂರು ಬಾದಶಾ ಇದ್ದಾಗ ಎರಡು ಗುಲಾಮ ಹಿಡ್ಕೊಂಡು ಕುಂದರಬಾರದ್ರಿ, ಬೀಗರ. ಎಲಿ ಒಗದು ಏಳಬೇಕು."