ಕಂಬಳಿಗೆ ನಾನು ಕೊಡಿಸಿದ ವಿಳಾಸ

ಜಗಳೂರಿನ ಹೈಸ್ಕೂಲಿನಲ್ಲಿ ಇಪ್ಪತ್ತೊಂಬತ್ತು ವರ್ಷ ಇಂಗ್ಲಿಷ್ ಪಾಠ ಮಾಡಿ ನಿವೃತ್ತನಾದ ನನಗೆ, ಒಂದು ವೆಬ್‌ಸೈಟಿಗೆ ಹೆಸರು ಜೋಡಿಸುವುದು ದೊಡ್ಡ ಕೆಲಸ ಅನ್ನಿಸಲೇ ಇಲ್ಲ. ಹಾಗಾಗಿ ಯಾರೂ ಕೇಳದಿದ್ದರೂ ಒಪ್ಪಿಕೊಂಡೆ.

ಬಿಳಿಚೋಡಿನ ಕರಿಯಮ್ಮ ಇನ್ನೂ ನಾಲ್ವರು ಹೆಂಗಸರ ಜತೆ ಸೇರಿ ಕುರಿ ಉಣ್ಣೆಯ ಕಂಬಳಿ ನೇಯುತ್ತಾರೆ. ನನ್ನ ಹೆಂಡತಿ ವನಜಾಕ್ಷಿಗೆ ಅವರು ಹಳೆಯ ಪರಿಚಯ. ದಾವಣಗೆರೆಯ ಕರಕುಶಲ ಮೇಳದಲ್ಲಿ ಅವರಿಗೆ ಮೊದಲ ಸಲ ಮಳಿಗೆ ಸಿಕ್ಕಿತ್ತು. ಮೇಳದವರು ನೇಯುವವರ ಹೆಸರು, ವೆಬ್ ವಿಳಾಸ ಹಾಕಿ ಒಂದು ಪುಸ್ತಕ ಅಚ್ಚು ಮಾಡಿಸಿ ಊರೂರಿನ ಅಂಗಡಿಗಳಿಗೆ ಕಳಿಸುತ್ತಾರಂತೆ. ಶುಕ್ರವಾರ ಸಂಜೆಯೊಳಗೆ ವೆಬ್‌ಸೈಟ್ ತೆರೆದುಕೊಂಡರೆ ಮಾತ್ರ ಅದರ ವಿಳಾಸಕ್ಕೆ ಪುಸ್ತಕದಲ್ಲಿ ಜಾಗ.

"ಸಂತೇಲಿ ಯಾಪಾರಿ ಹೇಳಿದ್ದೇ ರೇಟು ಮೇಷ್ಟ್ರೇ. ಕೊಳ್ಳೋರು ನಮ್ಮನ್ನೇ ಹುಡುಕ್ಕಂಡು ಬರಂಗಾದ್ರೆ ಸಾಕು," ಎಂದಿದ್ದರು ಕರಿಯಮ್ಮ.

"ಅಷ್ಟೇ ತಾನೇ! ವಾರದೊಳಗೆ ಜಗತ್ತೇ ನಿಮ್ಮ ಬಾಗಿಲಿಗೆ ಬರುತ್ತೆ," ಎಂದು ಘೋಷಿಸಿಬಿಟ್ಟೆ.

ಒಂದು ಕಂಪನಿಯಲ್ಲಿ ವೆಬ್‌ಸೈಟ್ ಕಟ್ಟಿದೆ, ಕಂಬಳಿಗಳ ಫೋಟೊ ಹಾಕಿದೆ. ವಿಳಾಸದ ಹೆಸರನ್ನು, ಅಂದರೆ ಡೊಮೇನನ್ನು, ಇನ್ನೊಂದು ಕಂಪನಿಯಿಂದ ಕೊಂಡೆ. ಅದೂ ದಾವಣಗೆರೆ ಬಸ್ಸಿನಲ್ಲಿ ನಿಂತುಕೊಂಡು, ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯಲ್ಲಿ ಮೊಬೈಲು! 'ಬಿಳಿಚೋಡು ಕಂಬಳಿ' ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿದೆ. ಬಸ್ಸಿಳಿದವನೇ ಆ ಹೆಸರನ್ನು ಚೀಟಿಯಲ್ಲಿ ಬರೆದು ಲೇಬಲ್ ಮಾಡುವವರಿಗೆ ಕೊಟ್ಟೆ. ಎಂಬತ್ತು ಲೇಬಲ್ ಬಂದವು. ಐವರೂ ಕೂತು ಎಂಬತ್ತು ಕಂಬಳಿಗಳ ಮೂಲೆಗೆ ಹೊಲಿದರು.

ಸೋಮವಾರ ವೆಬ್‌ಸೈಟನ್ನೂ ಹೆಸರನ್ನೂ ಜೋಡಿಸಲು ಕೂತೆ. ವೆಬ್‌ಸೈಟಿನವರ ಪುಟದಲ್ಲಿ ಲೇಬಲ್ಲಿನ ಮೇಲಿದ್ದ ಹೆಸರನ್ನು ಒತ್ತಿದೆ. ವೆಬ್‌ಸೈಟಿನವರು ಕೊಟ್ಟ ಉದ್ದನೆಯ ಅಂಕಿಯನ್ನು ಡೊಮೇನಿನವರ ಪುಟದಲ್ಲಿ ತುಂಬಬೇಕು. ತುಂಬಿದೆ. ಪರದೆಯ ಮೇಲೆ ಕೆಂಪು ಅಕ್ಷರ ಮೂಡಿತು: 'ಡೊಮೇನ್ ಜೋಡಣೆಯಾಗಿಲ್ಲ.' ಅಳಿಸಿ ಮತ್ತೆ ತುಂಬಿದೆ. ಮತ್ತೆ ಕೆಂಪು. ಗಂಟೆಗೊಮ್ಮೆ ಅಳಿಸಿ ತುಂಬತೊಡಗಿದೆ.

"ರೀ, ಎರಡು ದಿನ ಕಾಯ್ಬೇಕು ಅಂತ ಬರ್ದೈತೆ ಅಂತ ನೀವೇ ಓದಿದ್ರಲ್ಲ?" ಎಂದಳು ವನಜಾಕ್ಷಿ.

"ಅದು ಸಾಮಾನ್ಯ ಜನಕ್ಕೆ ಕಣೇ!"

ಮಂಗಳವಾರ ಆ ಪುಟದಲ್ಲಿ ಮೊದಲೇ ಇದ್ದ ಎರಡು ಸಾಲುಗಳೇ ಅಡ್ಡ ಬರುತ್ತಿವೆ ಎಂಬ ತೀರ್ಮಾನಕ್ಕೆ ಬಂದು ಅವನ್ನೂ ಅಳಿಸಿದೆ. ಅವು ಏನೆಂದು ಆಗ ಗೊತ್ತಿರಲಿಲ್ಲ. ಈಗಲೂ ಗೊತ್ತಿಲ್ಲ.

ಬುಧವಾರ ಡೊಮೇನ್ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದೆ. ಒಬ್ಬ ಹೆಣ್ಣುಮಗಳು ತಾಳ್ಮೆಯಿಂದ ಎಲ್ಲ ಕೇಳಿಸಿಕೊಂಡು, "ಸರ್, ಹೆಸರಿನ ಸ್ಪೆಲಿಂಗ್ ಒಂದ್ಸಲ ಹೇಳ್ತೀರಾ?" ಎಂದಳು.

"ಇಪ್ಪತ್ತೊಂಬತ್ತು ವರ್ಷ ಮಕ್ಕಳ ಸ್ಪೆಲಿಂಗ್ ತಿದ್ದಿದ್ದೇನೆ ತಾಯಿ. ನೀವು ನಿಮ್ಮ ಯಂತ್ರ ತಿದ್ದಿಕೊಳ್ಳಿ!" ಎಂದು ಫೋನ್ ಇಟ್ಟೆ. ನಂತರ 'ಮಾನ್ಯರೇ' ಎಂದು ಆರಂಭಿಸಿ, ಗ್ರಾಹಕನ ಹಕ್ಕುಗಳನ್ನು ವಿವರಿಸಿ, ಎರಡು ಪುಟದ ದೂರು ಕಳಿಸಿದೆ. ಗಂಟೆಯೊಳಗೆ ಉತ್ತರ ಬಂತು: 'ನೀವು ಬರೆದಿರುವ ಹೆಸರನ್ನು ಈವರೆಗೆ ಯಾರೂ ಕೊಂಡಿಲ್ಲ. ಬೇಕಿದ್ದರೆ ನೀವೇ ಕೊಳ್ಳಬಹುದು.'

"ವಂಚನೆ!" ಎಂದು ಕೂಗಿದೆ.

ಗುರುವಾರ ಬೆಳಗ್ಗೆ ಹೆಸರು ಕೊಂಡ ರಸೀದಿಯನ್ನು ಅಚ್ಚು ತೆಗೆಸಿಕೊಂಡು ಬಿಳಿಚೋಡಿಗೆ ಹೋದೆ. ನಮಗೆ ಮೋಸವಾಗಿದೆ, ಆ ವಿಳಾಸ ಇನ್ನು ನಮ್ಮದಲ್ಲ ಎಂದು ಗಂಭೀರವಾಗಿ ತಿಳಿಸಿದೆ. ಉಣ್ಣೆ ಬಿಡಿಸುತ್ತಿದ್ದವರ ಕೈ ನಿಂತಿತು.

"ಹಂಗಾರೆ ಎಂಬತ್ತೂ ಬಿಚ್ಚಬೇಕಾ ಮೇಷ್ಟ್ರೇ?" ಎಂದರು ಕರಿಯಮ್ಮ.

ನಾನು ರಸೀದಿ ಮುಂದೆ ಚಾಚಿದೆ. ಅವರು ರಸೀದಿ ಇಸಿದುಕೊಂಡು ಒಂದು ಕಂಬಳಿಯ ಲೇಬಲ್ಲಿನ ಪಕ್ಕ ಹಿಡಿದರು. ಇಂಗ್ಲಿಷ್ ಓದಲು ಅವರಿಗೆ ಬಾರದು. ಮಗ್ಗದ ಮೇಲೆ ಎಳೆ ಎಣಿಸುವ ಹಾಗೆ ಒಂದೊಂದೇ ಅಕ್ಷರದ ಮೇಲೆ ಬೆರಳು ಸರಿಸಿದರು. ಇನ್ನೊಮ್ಮೆ ಸರಿಸಿದರು.

"ಚುಕ್ಕಿ ತನಕ ಲೇಬಲ್ಲಿನಾಗೆ ಹದಿನಾರು ಐತೆ. ಈ ಚೀಟ್ಯಾಗೆ ಹದಿನೈದೇ ಐತಲ್ಲ ಮೇಷ್ಟ್ರೇ. ಒಂದೆಳೆ ಬಿಟ್ಟೋದಂಗೈತೆ."

ಕನ್ನಡಕ ಒರೆಸಿ ನೋಡಿದೆ. ರಸೀದಿಯ 'ಕಂಬಳಿ'ಯಲ್ಲಿ 'ಬಿ' ಆದ ಮೇಲೆ ಇರಬೇಕಾದ 'ಎ' ಇರಲಿಲ್ಲ. ಕೊಂಡದ್ದು ಒಂದು ಹೆಸರು, ನಾಲ್ಕು ದಿನದಿಂದ ಜೋಡಿಸುತ್ತಿದ್ದದ್ದು ಇನ್ನೊಂದು ಹೆಸರು! ಮೊದಲು ಬಸ್ಸಿನ ಮೇಲೆ ಸಿಟ್ಟು ಬಂತು. ಆಮೇಲೆ ಬಸ್ಸಿನದೇನೂ ತಪ್ಪಿಲ್ಲ ಅನ್ನಿಸಿತು.

"ಬಟ್ಟೆ ಮ್ಯಾಲಿಂದು ಸರಿ ಐತಾ?"

"ಸರಿ ಇದೆ."

"ಬಿಚ್ಚದು ಬ್ಯಾಡಾ?"

"ಬೇಡ, ಕರಿಯಮ್ಮ."

ಐವರೂ ಒಟ್ಟಿಗೆ ಉಸಿರು ಬಿಟ್ಟರು. ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಸರಿಯಾದ ಹೆಸರನ್ನು ಅಲ್ಲೇ ಜಗಲಿಯ ಮೇಲೆ ಕೂತು ಕೊಂಡೆ. ಕರಿಯಮ್ಮ ಮೊಬೈಲಿನ ಪರದೆಯ ಮೇಲೆ ಹದಿನಾರು ಎಣಿಸಿ "ಹ್ಞೂಂ" ಅನ್ನುವವರೆಗೆ ನಾನು ಒತ್ತಲಿಲ್ಲ. ಅಂಕಿ ತುಂಬಿ, ಪರದೆ ಹೇಳಿದಂತೆ ಈ ಸಲ ಸಾಮಾನ್ಯ ಮನುಷ್ಯನ ಹಾಗೆ ಕಾದೆ. ಆದರೆ ಶುಕ್ರವಾರ ಸಂಜೆ ಮೇಳದವರು ನೋಡಿದಾಗ ವೆಬ್‌ಸೈಟ್ ಇನ್ನೂ ತೆರೆದಿರಲಿಲ್ಲ. ಪುಸ್ತಕ ವಿಳಾಸವಿಲ್ಲದೆಯೇ ಅಚ್ಚಿಗೆ ಹೋಯಿತು.

ಕರಿಯಮ್ಮನಿಗೆ ಫೋನಿನಲ್ಲಿ ಹೇಳಿದೆ. ಕ್ಷಮಿಸಿ ಎಂದೂ ಹೇಳಿದೆ.

"ಹೋಗ್ಲಿ ಬಿಡ್ರಿ. ಕುಂದ್ರಾಕೆ ಮಳಿಗೆ ಐತಲ್ಲ. ಆಳು ಕಮ್ಮಿ ಅದಾರೆ, ನೀವೂ ಬರ್ರಿ."

ಶನಿವಾರ ಬೆಳಗ್ಗೆ, ಕಂಬಳಿಗಳನ್ನು ಬಸ್ಸಿನ ಮೇಲೆ ಹೇರುವ ಹೊತ್ತಿಗೆ ವೆಬ್‌ಸೈಟ್ ತಾನಾಗಿಯೇ ತೆರೆದುಕೊಂಡಿತು. ಮೇಳದಲ್ಲಿ ಕರಿಯಮ್ಮನೇ ಗಿರಾಕಿಗಳಿಗೆ ಲೇಬಲ್ ತೋರಿಸಿ, "ಇದನ್ನ ಮೊಬೈಲಿನಾಗೆ ಹೊಡೀರಿ, ನಮ್ಮೂರು ಬರ್ತೈತೆ," ಎನ್ನುತ್ತಿದ್ದರು. ಹೊಡೆದವರಿಗೆ ಬಂತು. ಹರಿಹರದ ಅಂಗಡಿಯವರೊಬ್ಬರು ವಿಳಾಸ ಬರೆದುಕೊಂಡು ಹೋದರು.

ನನಗೆ ಕೊಟ್ಟದ್ದು ಕಂಬಳಿ ಮಡಚಿಡುವ ಕೆಲಸ. ಇದರಲ್ಲಿ ಸ್ಪೆಲಿಂಗ್ ಇಲ್ಲ ಎಂಬ ಧೈರ್ಯದಲ್ಲಿ ಇಪ್ಪತ್ತು ಕಂಬಳಿ ಅಂದವಾಗಿ ಮಡಚಿ ಜೋಡಿಸಿದೆ. ಕರಿಯಮ್ಮ ಬಂದು ನೋಡಿದರು.

"ಲೇಬಲ್ ಒಳಗೆ ಹೋಗೈತೆ ಮೇಷ್ಟ್ರೇ. ಎಲ್ಲಾ ಬಿಚ್ಚಿ ಹೊಸದಾಗಿ ಮಡಚ್ರಿ."

ಬಿಚ್ಚಿದೆ.