ಏಳು ಸೆಕೆಂಡಿನ ಪರಪುರುಷ

1958ನೆಯ ಇಸವಿ ಸೆಪ್ಟೆಂಬರ್ 12, ಶುಕ್ರವಾರ, ಸಂಜೆ ಏಳು ಗಂಟೆ ನಲವತ್ತೆರಡು ನಿಮಿಷಕ್ಕೆ ನಿವೃತ್ತ ಇತಿಹಾಸದ ಮೇಷ್ಟ್ರು ಒಟ್ಟೋಕರ್ ಬ್ರೆನ್ನೆಕೆಯವರ ದಾಂಪತ್ಯ ಕುಸಿದುಬಿತ್ತು. ಏಳೂಮುಕ್ಕಾಲರ ಸುಮಾರಿಗೆ ಎಂದು ಬರೆದಿದ್ದರೂ ಓದುಗರಿಗೆ ನಷ್ಟವೇನೂ ಇರಲಿಲ್ಲ. ಆದರೆ ಮೂವತ್ತನಾಲ್ಕು ವರ್ಷ ಬರ್ಲಿನ್ನಿನ ಮಕ್ಕಳಿಗೆ ಯುದ್ಧ, ಒಪ್ಪಂದ, ಪಟ್ಟಾಭಿಷೇಕಗಳ ತಾರೀಖುಗಳನ್ನು ಬಾಯಿಪಾಠ ಮಾಡಿಸಿದ ಮಹನೀಯರ ವಿಚಾರದಲ್ಲಿ 'ಸುಮಾರಿಗೆ' ಎಂಬ ಪದವನ್ನು ಬಳಸುವುದು ಶಿಷ್ಟಾಚಾರವಲ್ಲ.

ಕುಸಿದದ್ದು ಬೀದಿಯ ಮೂಲೆಯ ಚಿತ್ರಮಂದಿರದಲ್ಲಿ, ಹನ್ನೊಂದನೆಯ ಸಾಲಿನಲ್ಲಿ, ಪತ್ನಿ ವಾಲ್ಟ್ರೌಟ್ ಪಕ್ಕದಲ್ಲೇ ಕುಳಿತಿದ್ದಾಗ. ಚಿತ್ರದ ಹೆಸರು 'ಆಚೆ ಬದಿಯ ಹುಡುಗಿ'. ಅದನ್ನು ಹಿಂದಿನ ವರ್ಷದ ಅಕ್ಟೋಬರಿನಲ್ಲಿ ಮೂರು ವಾರ ತೆಗೆದದ್ದು ಇವರ ಬೀದಿಯಲ್ಲೇ. ಯುದ್ಧದಲ್ಲಿ ಗೆದ್ದ ದೇಶಗಳು ಬರ್ಲಿನ್ನನ್ನು ಹಂಚಿಕೊಂಡಾಗ ಇವರ ಮನೆ ಫ್ರೆಂಚರ ವಲಯಕ್ಕೆ ಸೇರಿತ್ತು. ಎದುರು ಸಾಲಿನ ಮನೆಗಳು ರಷ್ಯನ್ನರ ವಲಯಕ್ಕೆ. ಆ ಮನೆಗಳ ಮುಂದಿನ ಕಾಲುದಾರಿ ಮಾತ್ರ ಮತ್ತೆ ಫ್ರೆಂಚರದು. ಎದುರುಮನೆಯ ಮುದುಕಿ ಹೊಸ್ತಿಲು ಗುಡಿಸಿದರೆ ಕಸ ಪೂರ್ವದಿಂದ ಪಶ್ಚಿಮಕ್ಕೆ ವಲಸೆ ಹೋಗುತ್ತಿತ್ತು. ಇಂಥ ಬೀದಿ ಕೈಗೆ ಸಿಕ್ಕಿದ ಮೇಲೆ ಸಿನಿಮಾದವರು ಬಿಡುತ್ತಾರೆಯೇ? ಆಚೆ ಬದಿಯ ಹುಡುಗಿ, ಈಚೆ ಬದಿಯ ಗಡಿಯಾರ ರಿಪೇರಿಯ ತರುಣ, ಇಬ್ಬರನ್ನೂ ನೆರಳಿನಂತೆ ಹಿಂಬಾಲಿಸುವ ಚರ್ಮದ ಚೀಲದ ಗೂಢಚಾರ. ಬೀದಿ ಮೂಲೆಯ ದುಂಡನೆಯ ಜಾಹೀರಾತು ಕಂಬದ ಬಳಿ ಪ್ರೇಮಿಗಳು ಅಗಲುವಾಗ ಇಡೀ ಸಭಾಂಗಣ ಉಸಿರು ಬಿಗಿಹಿಡಿದಿತ್ತು.

ಮೇಷ್ಟ್ರೂ ಬಿಗಿಹಿಡಿದಿದ್ದರು. ಆದರೆ ಅವರ ಕಣ್ಣು ಪ್ರೇಮಿಗಳ ಮೇಲಿರಲಿಲ್ಲ. ಪ್ರೇಮಿಗಳ ಹಿಂದೆ, ಕಂಬದ ಪಕ್ಕದಲ್ಲಿ, ತೋಳಿಗೆ ಬಲೆಚೀಲ ನೇತುಹಾಕಿಕೊಂಡ ಒಬ್ಬ ಹೆಂಗಸು ಬೆನ್ನು ತೋರಿಸಿ ನಿಂತ ಒಬ್ಬ ಗಂಡಸಿನ ಕೋಟಿನ ಗುಂಡಿಯನ್ನು ಹಾಕುತ್ತಿದ್ದಳು. ಹಾಕಿ, ತಲೆಯೆತ್ತಿ, ನೋಡಿದಳು. ಆ ನೋಟದಲ್ಲಿ ಬೆಣ್ಣೆ ಕರಗುತ್ತಿತ್ತು. ಅವಳು ವಾಲ್ಟ್ರೌಟ್.

"ನೋಡಿದ್ಯಾ?" ಎಂದು ಪಕ್ಕದ ಕುರ್ಚಿಯ ವಾಲ್ಟ್ರೌಟ್ ಕರವಸ್ತ್ರವನ್ನು ಬಾಯಿಗೊತ್ತಿಕೊಂಡು ಪಿಸುಗುಟ್ಟಿದಳು.

"ನೋಡಿದೆ."

"ಏನೂ ಅನ್ನಿಸಲಿಲ್ವಾ?"

"ಅನ್ನಿಸಿತು" ಎಂದರು ಮೇಷ್ಟ್ರು, ಜನವರಿ ತಿಂಗಳ ಧ್ವನಿಯಲ್ಲಿ. ಕಟ್ಟಿಕೊಂಡ ಗಂಡನ ಮುಂದೆಯೇ ಹೀಗೆ ಕೇಳುವ ಹೆಂಗಸಿನ ಎದೆಗಾರಿಕೆಗೆ ಅವರು ಇತಿಹಾಸದಲ್ಲಿ ಸಮಾನ ನಿದರ್ಶನ ಹುಡುಕಿದರು. ಒಂದಿಬ್ಬರು ಮಹಾರಾಣಿಯರು ನೆನಪಾದರು. ಸಮಾಧಾನವಾಗಲಿಲ್ಲ.

ಮೇಷ್ಟ್ರು ಸುಮ್ಮನೆ ಸಂಶಯಪಡುವ ಜಾತಿಯವರಲ್ಲ, ಆಧಾರ ಬೇಕು. ಆಧಾರವಿತ್ತು. ಜಾಹೀರಾತು ಕಂಬದ ಮೇಲೆ, ಅವಳ ತಲೆಯಿಂದ ಒಂದು ಮೊಳ ಮೇಲೆ, ಸಂಗೀತ ಕಚೇರಿಯ ಪ್ರಕಟಣೆಯೊಂದು ದಪ್ಪಕ್ಷರಗಳಲ್ಲಿ 'ಇಂದು, ಅಕ್ಟೋಬರ್ 17, ಗುರುವಾರ' ಎಂದು ಸಾರುತ್ತಿತ್ತು. ಮುದ್ರಿತ ದಾಖಲೆ. ಅದಕ್ಕಿಂತ ಮಿಗಿಲಾದದ್ದು ಶಿಲಾಶಾಸನ ಒಂದೇ. ಮನೆಗೆ ಬಂದವರೇ ಕಪಾಟು ತೆರೆದು 1957ರ ದಿನಚರಿಯನ್ನು ಹೊರತೆಗೆದರು (1919ರಿಂದ ವರ್ಷಕ್ಕೊಂದರಂತೆ ಮೂವತ್ತೊಂಬತ್ತು ಸಂಪುಟಗಳು, ಒಂದೇ ಅಳತೆ, ಒಂದೇ ಬಣ್ಣ). 'ಅಕ್ಟೋಬರ್ 17. ಸ್ಪಾಂಡೌದಲ್ಲಿ ನಿವೃತ್ತ ಅಧ್ಯಾಪಕರ ವಾರ್ಷಿಕ ಸಭೆ. 9.10ಕ್ಕೆ ಹೊರಟೆ, 5.35ಕ್ಕೆ ಮರಳಿದೆ. ಊಟದ ಬಟಾಣಿ ಸಾರಿಗೆ ಉಪ್ಪು ಹೆಚ್ಚು. ಟ್ರೌಡೆ ಲವಲವಿಕೆಯಿಂದಿದ್ದಳು.' ಟ್ರೌಡೆ ಎಂದರೆ ಮನೆಯಲ್ಲಿ ವಾಲ್ಟ್ರೌಟಳನ್ನು ಕರೆಯುವ ಹೆಸರು.

'ಲವಲವಿಕೆಯಿಂದ' ಎಂಬ ಪದದ ಕೆಳಗೆ ಅವರು ಕೆಂಪು ಶಾಯಿಯಲ್ಲಿ ಗೆರೆ ಎಳೆದರು. ಗೆರೆ ಸೊಟ್ಟಗಾಯಿತು. ನಲವತ್ತು ವರ್ಷಗಳಲ್ಲಿ ಅವರು ಎಳೆದ ಮೊದಲ ಸೊಟ್ಟ ಗೆರೆ ಅದು.

ಸಂಕಟವನ್ನು ಹೆಚ್ಚಿಸುವ ಇನ್ನೊಂದು ತಾರೀಖಿತ್ತು. ಸೆಪ್ಟೆಂಬರ್ 28, ಭಾನುವಾರ, ಅವರ ಮದುವೆಯಾಗಿ ಸರಿಯಾಗಿ ಮೂವತ್ತೊಂದು ವರ್ಷ. ಪ್ಲಮ್ ಹಣ್ಣಿನ ಕೇಕು, ಕಾಫಿ, ಆಚೆ ವಲಯದ ಪಾಂಕೋ ಬಡಾವಣೆಯಿಂದ ನಾದಿನಿ ಎರ್ನಾ, ಎಲ್ಲ ಗೊತ್ತುಮಾಡಿಯಾಗಿತ್ತು. ಆ ಮೇಜಿಗೆ ಗಂಡನಾಗಿ ಕೂರಬೇಕೋ, ಅಥವಾ ಅಂದೇ ರೈಲು ಹತ್ತಿ ಸೆಲ್ಲೆ ಊರಿನ ಅಕ್ಕನ ಮನೆಗೆ ಹೋಗಿ ಉಳಿದ ಆಯುಷ್ಯವನ್ನು ಕಳೆಯಬೇಕೋ? ಹದಿನಾರು ದಿನಗಳಲ್ಲಿ ತೀರ್ಮಾನವಾಗಬೇಕು, ಅದೂ ಸಾಕ್ಷ್ಯಾಧಾರ ಸಮೇತ.

ಸಾಕ್ಷ್ಯಕ್ಕಾಗಿ ಚಿತ್ರವನ್ನು ಮತ್ತೆ ನೋಡಬೇಕಾಯಿತು. ಸಂಜೆಯ ಆಟಕ್ಕೆ ಬೀದಿಯವರೆಲ್ಲ ಬರುತ್ತಾರೆ. ಮಧ್ಯಾಹ್ನ ಎರಡರ ಆಟವಾದರೋ ಆಚೆ ವಲಯದವರಿಗೇ ಮೀಸಲು. ಅವರು ತಮ್ಮ ಗುರುತಿನ ಚೀಟಿ ತೋರಿಸಿ ಒಳಗೆ ಹೋಗಬೇಕು. ಸೋಮವಾರ, ಹದಿನೈದನೆಯ ತಾರೀಖು, ಮೇಷ್ಟ್ರು ಟೋಪಿಯನ್ನು ಹುಬ್ಬಿನವರೆಗೆ ಇಳಿಸಿಕೊಂಡು ಆ ಸಾಲಿನಲ್ಲಿ ನಿಂತರು. ತೋರಿಸಲು ಚೀಟಿಯಿರಲಿಲ್ಲ. ಟಿಕೆಟ್ಟಿನ ಕಿಂಡಿಯ ಹಿಂದೆ ಕುಳಿತಿದ್ದ ಶ್ರೀಮತಿ ಪೀಪೆ, ಇಪ್ಪತ್ತು ವರ್ಷಗಳಿಂದ ಬೀದಿಯ ಸಕಲ ರಹಸ್ಯಗಳ ಭಂಡಾರಿಣಿ, ಕನ್ನಡಕದ ಮೇಲಿಂದ ಅವರನ್ನು ನೋಡಿ ನಕ್ಕಳು.

"ನಿಮ್ಮ ಹತ್ರ ಚೀಟಿ ಯಾಕೆ ಬೇಕು ಮೇಷ್ಟ್ರೇ? ಮುಖ ನೋಡಿದ್ರೆ ಗೊತ್ತಾಗಲ್ವಾ. ಅಲ್ಲ, ಬೆನ್ನು ನೋಡಿದ್ರೆ. ಹೋಗಿ, ಹೋಗಿ, ಕೊನೇ ಸಾಲಲ್ಲಿ ಕೂತ್ಕೊಳ್ಳಿ. ನಾನು ಯಾರಿಗೂ ಹೇಳಲ್ಲ."

ಅವಳಿಗೂ ಗೊತ್ತಿದೆ. ಮೇಷ್ಟ್ರ ಕಿವಿ ಬಿಸಿಯಾಯಿತು. ಗಂಡನಿಗೇ ಕೊನೆಯಲ್ಲಿ ತಿಳಿಯುವುದೆಂಬ ಲೋಕನಿಯಮ ತಮ್ಮ ಪಾಲಿಗೂ ಅನ್ವಯಿಸಿತಲ್ಲ ಎಂದುಕೊಂಡು ಕತ್ತಲಿಗೆ ನುಸುಳಿದರು.

ಕೈಗಡಿಯಾರ ಹಿಡಿದು ಅಳೆದರು: ಏಳು ಸೆಕೆಂಡು. ಏಳು ಸೆಕೆಂಡಿನಲ್ಲಿ ಒಬ್ಬ ಮನುಷ್ಯನ ಎಷ್ಟನ್ನು ತಾನೇ ನೋಡಲಾದೀತು? ಮೇಷ್ಟ್ರು ಕಂತಿನಲ್ಲಿ ನೋಡಿದರು. ಸೋಮವಾರ ಕೋಟನ್ನು ಗಮನಿಸಿದರು. ಕಪ್ಪುಬಿಳುಪಿನಲ್ಲಿ ಬಣ್ಣ ತಿಳಿಯದಿದ್ದರೂ ಕತ್ತರಿಕೆ ತಮ್ಮದರಂತೆಯೇ ಇತ್ತು. ಕಳ್ಳ, ಅಭಿರುಚಿಯನ್ನೂ ಕದ್ದಿದ್ದ. ಬುಧವಾರ ತಲೆಯನ್ನು ಗಮನಿಸಿದರು. ನಡುನೆತ್ತಿಯ ಹಿಂದೆ ತಟ್ಟೆಯಗಲದ ಬೋಳು, ದೀಪದ ಬೆಳಕಿಗೆ ಮಿರುಗುತ್ತಿತ್ತು. ಮೇಷ್ಟ್ರು ಪ್ರತಿದಿನ ಬೆಳಿಗ್ಗೆ ಕನ್ನಡಿಯಲ್ಲಿ ಕಾಣುವ ತಮ್ಮ ಬೆಳ್ಳಿಗೂದಲನ್ನು ಸವರಿಕೊಂಡು, ಇಂಥ ಬೋಳನಿಗಾಗಿಯೇ ಎಂದು ನಿಟ್ಟುಸಿರಿಟ್ಟರು. ಶುಕ್ರವಾರ ಕುತ್ತಿಗೆಯ ಸರದಿ. ಅಲ್ಲಿ ಗುಣಾಕಾರದ ಚಿಹ್ನೆಯಂತೆ ಎರಡು ಬಿಳಿಯ ಪಟ್ಟಿಗಳನ್ನು ಅಂಟಿಸಲಾಗಿತ್ತು. ರೋಗಿಷ್ಟ ಬೇರೆ. ಇಪ್ಪತ್ತೆರಡನೆಯ ತಾರೀಖು ಸೋಮವಾರ ಬಲಗೈಯನ್ನು ಗಮನಿಸಿದರು. ಆ ಕೈ ಗಾಳಿಯಲ್ಲಿ ತೋರುಬೆರಳೆತ್ತಿ ಬಿಡುವಿಲ್ಲದೆ ಆಡುತ್ತಿತ್ತು. ಪ್ರೇಯಸಿ ಗುಂಡಿ ಹಾಕುತ್ತಿರುವಾಗಲೂ ಬಾಯಿಬಡಿಯುತ್ತಿರುವ ಇಂಥ ವಾಚಾಳಿಯೊಡನೆ ಒಬ್ಬ ಹೆಂಗಸು ಹೇಗೆ ತಾನೇ ಬಾಳಿಯಾಳೆಂದು ಅವರಿಗೆ ಅರ್ಥವಾಗಲಿಲ್ಲ.

ಮನೆಯಲ್ಲಿ ವಿಚಾರಣೆ ಬೇರೆ ನಡೆದಿತ್ತು. ಮಂಗಳವಾರಗಳಂದು ವಾಲ್ಟ್ರೌಟ್ ಆಚೆ ವಲಯದಲ್ಲಿ ದುರ್ಲಭವಾದ ಕಾಫಿಪುಡಿಯನ್ನು ಒಂದಿಷ್ಟು ಚೀಲದ ತಳದಲ್ಲಿ ಅಡಗಿಸಿಕೊಂಡು ಪಾಂಕೋಗೆ ಹೋಗಿ ತಂಗಿಯನ್ನು ನೋಡಿ ಬರುವ ಪದ್ಧತಿ. ಈಗ ಆ ಚೀಲ, ಆ ಪಾಂಕೋ, ಆ ತಂಗಿ ಎಲ್ಲವೂ ಸಂಶಯಾಸ್ಪದವಾದವು. ಗುರುವಾರ ಊಟದ ಹೊತ್ತಿಗೆ ಮೇಷ್ಟ್ರು ಚಮಚ ಕೆಳಗಿಟ್ಟರು.

"ಹೋದ ವರ್ಷ ಅಕ್ಟೋಬರ್ ಹದಿನೇಳು, ಗುರುವಾರ. ಆ ದಿನ ನೀನು ಎಲ್ಲಿದ್ದೆ?"

"ಗುರುವಾರವಾ? ಬಟ್ಟೆ ಒಗೀತಿದ್ದೆ."

"ತಾರೀಖು ನೆನಪಿಸಿಕೊಳ್ಳದೆ ಅಷ್ಟು ಖಚಿತವಾಗಿ ಹೇಗೆ ಹೇಳ್ತೀಯ?"

"ಎಲ್ಲಾ ಗುರುವಾರವೂ ಒಗೀತೀನಲ್ಲ ಒಟ್ಟೋ. ನಿನ್ನ ಅಂಗಿ ಕಾಲರ್ ತಾರೀಖು ನೋಡ್ಕೊಂಡು ಕೊಳಕಾಗುತ್ತಾ?" ಎಂದು ಅವಳು ಆಲೂಗಡ್ಡೆ ಬಡಿಸಿದಳು. "ತಿನ್ನು. ಈ ಹದಿನೈದು ದಿನದಲ್ಲಿ ಒಣಗಿ ಹೋಗಿದ್ದೀಯ. ಎರಡರ ಆಟಕ್ಕೆ ಹೋಗೋದನ್ನ ಕಮ್ಮಿ ಮಾಡು. ಪೀಪೆ ಎಲ್ಲಾ ಹೇಳಿದ್ಲು."

ಹಾಗಾದರೆ ಅವಳಿಗೆ ತಿಳಿದಿದೆ. ತಿಳಿದೂ ಆಲೂಗಡ್ಡೆ ಬಡಿಸುತ್ತಿದ್ದಾಳೆ. ಮೇಷ್ಟ್ರು ಅವಳ ಮುಖವನ್ನು ಎಷ್ಟು ನೋಡಿದರೂ ಅಲ್ಲಿ ತಪ್ಪಿತಸ್ಥೆಯ ಲಕ್ಷಣವಿರಲಿಲ್ಲ. ಆ ಏಳು ಸೆಕೆಂಡಿನ ಬೆಣ್ಣೆಯೂ ಇರಲಿಲ್ಲ. ಮೂವತ್ತೊಂದು ವರ್ಷಗಳಲ್ಲಿ ಆ ನೋಟ ತಮ್ಮ ಪಾಲಿಗೆ ಎಂದಾದರೂ ಬಂದಿತ್ತೇ? ದಿನಚರಿಗಳನ್ನು ತಿರುವಿದರು. ಹವಾಮಾನ, ಹಲ್ಲುನೋವು, ದೂರುಪತ್ರಗಳು ಎಲ್ಲ ದಾಖಲಾಗಿದ್ದವು. ಅದು ಮಾತ್ರ ಎಲ್ಲೂ ಇರಲಿಲ್ಲ. ಬಂದಿರಲಿಲ್ಲವೋ, ಬಂದಾಗ ತಾವೇ ಬರೆದಿರಲಿಲ್ಲವೋ? ಆ ರಾತ್ರಿ ಅವರಿಗೆ ನಿಜವಾಗಿ ಭಯವಾಯಿತು.

ಇಪ್ಪತ್ತೆಂಟನೆಯ ತಾರೀಖು ಭಾನುವಾರ ಬೆಳಿಗ್ಗೆ ಪೆಟ್ಟಿಗೆ ಕಟ್ಟಿದರು. ಎರಡು ಅಂಗಿ, ಮೂವತ್ತೊಂಬತ್ತು ದಿನಚರಿ. ಕಟ್ಟಿದ ಮೇಲೆ ಎತ್ತಲು ಹೋದರೆ ಪೆಟ್ಟಿಗೆ ಮಲಗುವ ಕೋಣೆಯ ಹೊಸ್ತಿಲಿನಿಂದ ಒಂದಂಗುಲವೂ ಕದಲಲಿಲ್ಲ. ವಾಲ್ಟ್ರೌಟ್ ಕೇಕಿನ ತಟ್ಟೆ ಹಿಡಿದು ಎರಡು ಸಲ ಅದನ್ನು ದಾಟಿ ಹೋದಳು. ಕಪಾಟು ಒರೆಸುತ್ತಿದ್ದಾನೆಂದು ಭಾವಿಸಿದಳೇ ಹೊರತು ಏನೂ ಕೇಳಲಿಲ್ಲ.

ಮೂರು ಗಂಟೆಗೆ ಎರ್ನಾ ಬಂದಳು. ಕಾಫಿ ಬಗ್ಗಿಸಿಯಾಯಿತು. ಮೇಷ್ಟ್ರು ಎದ್ದು ನಿಂತು ಅತ್ಯಂತ ಶಾಂತವಾದ ಧ್ವನಿಯಲ್ಲಿ, ಅಧ್ಯಾಯ, ಉಪವಿಭಾಗ ಸಹಿತವಾಗಿ, ದೋಷಾರೋಪವನ್ನು ಮಂಡಿಸಿದರು: ಸ್ಥಳ, ದಿನ, ಮುದ್ರಿತ ಆಧಾರ, ಆರೋಪಿಯ ಬೋಳು, ಪಟ್ಟಿ, ವಾಚಾಳಿತನ. ಕೊನೆಗೆ, "ಅವನು ಯಾರು ಅಂತ ನಾನು ಕೇಳಲ್ಲ. ಅವನಲ್ಲಿ ಏನು ಕಂಡೆ ಅಂತ ಮಾತ್ರ ಹೇಳು" ಎಂದರು. ಆ ಕೊನೆಯ ಮಾತಿನಲ್ಲಿ ಧ್ವನಿ ಒಡೆಯಿತು.

ಎರ್ನಾ ಮೇಜಿನ ಬಟ್ಟೆಯಲ್ಲಿ ಮುಖ ಹುದುಗಿಸಿದಳು. ಅವಳ ಹೆಗಲು ಕುಲುಕುತ್ತಿತ್ತು. ಅಕ್ಕನ ಪಾಪಕ್ಕಾಗಿ ತಂಗಿಯಾದರೂ ಅಳುತ್ತಿದ್ದಾಳಲ್ಲ ಎಂದು ಮೇಷ್ಟ್ರಿಗೆ ಕೊಂಚ ಗೌರವ ಮೂಡಿತು.

ವಾಲ್ಟ್ರೌಟ್ ಅಳಲೂ ಇಲ್ಲ, ನಗಲೂ ಇಲ್ಲ. "ನಿನ್ನ ಕುತ್ತಿಗೆಗೆ ಕುರು ಎದ್ದಿತ್ತಲ್ಲ, ಅದು ಯಾವತ್ತು?" ಎಂದು ಕೇಳಿದಳು.

"ವಿಷಯಾಂತರ ಬೇಡ."

"ಬರೆದಿರ್ತೀಯಲ್ಲ. ಓದು."

ದಾಖಲೆ ಕೇಳಿದಾಗ ಇಲ್ಲವೆನ್ನುವುದು ಅವರ ಜಾಯಮಾನವಲ್ಲ. ಪೆಟ್ಟಿಗೆಯಿಂದ ಮೂವತ್ತೊಂಬತ್ತನೆಯ ಸಂಪುಟವನ್ನು ತೆಗೆದು, ಪುಟ ತಿರುವಿ, ತರಗತಿಯ ಧ್ವನಿಯಲ್ಲಿ ಓದತೊಡಗಿದರು: "ಅಕ್ಟೋಬರ್ 8, ಮಂಗಳವಾರ. ಹಿಂಗುತ್ತಿಗೆಯ ಕುರುವಿಗೆ ವೈದ್ಯರು ಎರಡು ಪಟ್ಟಿಗಳನ್ನು ಅಡ್ಡಡ್ಡ ಅಂಟಿಸಿದರು. 11.20: ಸಿನಿಮಾದವರು ಜಾಹೀರಾತು ಕಂಬಕ್ಕೆ 'ಇಂದು, ಅಕ್ಟೋಬರ್ 17' ಎಂಬ ಶುದ್ಧ ಸುಳ್ಳು ತಾರೀಖಿನ ಕಾಗದ ಅಂಟಿಸಿರುವುದನ್ನು ಕಿಟಕಿಯಿಂದ ಕಂಡೆ. ಕೆಳಗಿಳಿದು ಅವರ ಮುಖ್ಯಸ್ಥನಿಗೆ ವಿವರವಾಗಿ ತಿಳಿಯಹೇಳಿದೆ. ಅಸಡ್ಡೆ. ನಗರ ಕಚೇರಿಗೆ..." ಇಲ್ಲಿ ಧ್ವನಿ ತರಗತಿಯಿಂದ ಹೊರಗೆ ಹೋಗಿ ಕಾರಿಡಾರಿನಲ್ಲಿ ನಿಂತಿತು. "...ದೂರು ಬರೆದೆ. ಈ ವರ್ಷದ ನಲವತ್ತೊಂದನೆಯದು."

"ಅವರು ಕಥೆಗೋಸ್ಕರ ಬೇರೆ ತಾರೀಖು ಹಾಕಿದ್ರು. ಆ ಮುಖ್ಯಸ್ಥ ಎರಡು ನಿಮಿಷ ಕೇಳಿ ಹೊರಟೋದ. ನೀನು ಕಂಬದ ಕಡೆ ತಿರುಗಿ ಅದಕ್ಕೇ ಪಾಠ ಹೇಳ್ತಾ ನಿಂತೆ" ಎಂದಳು ವಾಲ್ಟ್ರೌಟ್. "ನಾನು ಎರ್ನಾ ಮನೆಗೆ ಹೊರಟಿದ್ದೆ. ನಿನ್ನ ಕೋಟು ತೆರೆದಿತ್ತು, ಗುಂಡಿ ಹಾಕಿದೆ. ಯಾರ ಜೊತೆಗಾದ್ರೂ ನೀನು ಜಗಳಕ್ಕೆ ನಿಂತಾಗೆಲ್ಲ ಹಾಕ್ತೀನಿ. ಒಂದು ದಿನಾನಾದ್ರೂ ನಿನಗೆ ಗೊತ್ತಾಗಿದೆಯಾ?"

ಅವಳು ಅವರನ್ನು ಕೋಣೆಯ ನಿಲುಗನ್ನಡಿಯ ಮುಂದೆ ನಿಲ್ಲಿಸಿ, ಹಿಂದಿನಿಂದ ಕೈಗನ್ನಡಿ ಹಿಡಿದಳು. ಮೇಷ್ಟ್ರು ಜೀವಮಾನದಲ್ಲಿ ಮೊದಲ ಬಾರಿಗೆ ತಮ್ಮ ತಲೆಯ ಪೂರ್ವವಲಯವನ್ನು ಕಂಡರು. ಅಲ್ಲಿ ಆ ತಟ್ಟೆ ಇತ್ತು. ಮಿರುಗುತ್ತಿತ್ತು.

ಎರ್ನಾ ಈಗ ತಲೆಯೆತ್ತಿ ಕಣ್ಣೊರೆಸಿಕೊಂಡಳು. ಅವಳು ಅಳುತ್ತಿರಲಿಲ್ಲವೆಂಬುದು ಸ್ಪಷ್ಟವಾಗಿತ್ತು. "ಇಡೀ ಬೀದಿ ಮಾತಾಡ್ಕೊಳ್ತಿದೆ ಭಾವ, ಮೇಷ್ಟ್ರು ತಮ್ಮ ಬೆನ್ನು ನೋಡ್ಕೊಳ್ಳೋಕೆ ದಿನ ಬಿಟ್ಟು ದಿನ ಸಿನಿಮಾಕ್ಕೆ ಹೋಗ್ತಾರೆ ಅಂತ. ನಮ್ಮ ಪಾಂಕೋವರೆಗೂ ಬಂದಿದೆ."

ಮೇಷ್ಟ್ರಿಗೆ ನಾಚಿಕೆಯಾಗಬೇಕಿತ್ತು. ಆದರೆ ಹದಿನಾರು ದಿನಗಳ ಭಾರ ಎದೆಯಿಂದ ಇಳಿದ ಹಗುರದಲ್ಲಿ ನಾಚಿಕೆಗೆ ಜಾಗ ಸಿಗಲಿಲ್ಲ. ಅವರು ಕನ್ನಡಿಯಲ್ಲೇ ಹೆಂಡತಿಯ ಮುಖವನ್ನು ಹುಡುಕಿ, ಹೊಸ ಮದುವಣಿಗನಂತೆ ತಡವರಿಸಿದರು. "ಅಂದ್ರೆ ಟ್ರೌಡೆ... ಆ ನೋಟ... ಅದು ನನ್ನ ಮೇಲೇನಾ?"

ವಾಲ್ಟ್ರೌಟ್ ಕೈಗನ್ನಡಿಯನ್ನು ಕೆಳಗಿಳಿಸಿದಳು. ಅವಳು ಸುಳ್ಳು ಹೇಳುವ ಹೆಂಗಸಲ್ಲ.

"ಅದನ್ನ ನಾಲ್ಕು ಸಲ ತೆಗೆದ್ರು ಒಟ್ಟೋ. ನೀನು ಮಾತಾಡ್ತಿದ್ದೆ, ನಿನಗೆ ಗೊತ್ತಾಗಲಿಲ್ಲ. 'ಅಮ್ಮಾ, ಗಂಡನ್ನ ಪ್ರೀತಿಯಿಂದ ನೋಡಿ' ಅಂತ ಕೈಸನ್ನೆ ಮಾಡಿದ್ರು. ಮೂರು ಸಲ ನಿನ್ನನ್ನೇ ನೋಡಿದೆ. ಮೂರು ಸಲವೂ ಆಗಲಿಲ್ಲ ಅಂದ್ರು."

"ನಾಲ್ಕನೇ ಸಲ?"

"ನಾಲ್ಕನೇ ಸಲ ನಿನ್ನ ಹೆಗಲ ಮೇಲಿಂದ ಆ ಸಿನಿಮಾದ ಗಡಿಯಾರ ರಿಪೇರಿ ಹುಡುಗನ್ನ ನೋಡಿದೆ" ಎಂದಳು ಅವಳು. "ಬಾ, ಕಾಫಿ ಆರ್ತಿದೆ. ಆ ಪೆಟ್ಟಿಗೇನ ದಾರಿಯಿಂದ ಎಳಿ ಮೊದಲು."

ಪೆಟ್ಟಿಗೆಯನ್ನು ಎಳೆಯಲು ಮೂವರೂ ಬೇಕಾಯಿತು. ಆ ದಿನದ ದಿನಚರಿ ಚಿಕ್ಕದಾಗಿದೆ: '1958, ಸೆಪ್ಟೆಂಬರ್ 28, ಭಾನುವಾರ. ಪ್ಲಮ್ ಕೇಕು ಚೆನ್ನಾಗಿತ್ತು. ತಲೆಯ ಹಿಂಭಾಗದಲ್ಲಿ ಬೋಳು, ಅಗಲ ಹನ್ನೊಂದು ಸೆಂಟಿಮೀಟರ್, ಟ್ರೌಡೆ ಅಳೆದಳು. ಸಂಜೆ 4.25: ನನ್ನ ಕೋಟಿನ ಗುಂಡಿ ಹಾಕಿದಳು, ಗಮನಿಸಿದೆ. ನೋಟದ ವಿಚಾರವಾಗಿ ದೂರು ಬರೆಯಬೇಕೆಂದಿದ್ದೇನೆ. ಯಾವ ಕಚೇರಿಗೆಂದು ತಿಳಿಯದು.'