ರಟ್ಟಿನ ರಾಯರ ಮನೆಗೆ ಹಿಮರಾಜ ಬಂದದ್ದು

ರಟ್ಟಿನ ರಾಯರನ್ನು ನಾನು ಮೊದಲು ಕಂಡ ದಿನ ಅವರ ತಲೆಯ ಮೇಲೆ ಒದ್ದೆ ಟವೆಲ್ ಇತ್ತು, ಎರಡು ಕಾಲುಗಳೂ ನೀರು ತುಂಬಿದ ಬಕೆಟ್ಟಿನೊಳಗಿದ್ದವು. ನಡುವೆ ಉಳಿದಿದ್ದ ರಾಯರು ಯಾವುದೋ ಪುಸ್ತಕದ ಬೆನ್ನಿಗೆ ಅಂಟು ಹಚ್ಚುತ್ತಿದ್ದರು.

ಅದು ಕಡುಬೇಸಿಗೆ. ನಾನು ಮೇಷ್ಟರಾಗಿದ್ದಷ್ಟು ಕಾಲವೂ ನನ್ನ ಮೇಜಿನ ಮೇಲಿದ್ದ ದಪ್ಪ ನಿಘಂಟು ಬೆನ್ನು ಮುರಿದುಕೊಂಡಿತ್ತು. ಅದಕ್ಕೆ ಹೊಸ ರಟ್ಟು ಹಾಕಿಸಲೆಂದು ಹೋಗಿದ್ದೆ. ಕೋಣೆಯ ತುಂಬ ಕಾಗದದ ರಾಶಿ. ಕಿಟಕಿಗಳೆಲ್ಲ ಮುಚ್ಚಿದ್ದವು. ತಲೆಯ ಮೇಲೆ ಫ್ಯಾನೇನೋ ಇತ್ತು, ಆದರೆ ಮೌನವ್ರತ ಹಿಡಿದಿತ್ತು.

"ಕರೆಂಟ್ ಇಲ್ವಾ?" ಎಂದೆ, ಕೊರಳು ಒರೆಸಿಕೊಳ್ಳುತ್ತ.

"ಕರೆಂಟೂ ಇದೆ ಸಾರ್, ಫ್ಯಾನೂ ಇದೆ. ಹಾಕಿದ್ರೆ ನಿಮ್ಮ ನಿಘಂಟಿನ ಅಕಾರ ಎದುರುಮನೆಗೆ ಹೋಗುತ್ತೆ, ಕಕಾರ ಪಕ್ಕದ ಮನೆಗೆ. ಆಮೇಲೆ ಒಂದೊಂದು ಪದಕ್ಕೂ ನೀವು ಒಂದೊಂದು ಬಾಗಿಲು ತಟ್ಟಬೇಕಾಗುತ್ತೆ."

ಒಳಗಿನಿಂದ ಹೆಣ್ಣುದನಿ ಕೇಳಿಸಿತು. "ಬಂದೋರಿಗೆ ಕೂರೋಕೆ ಹೇಳ್ರೀ! ಬಕೆಟ್ ಇನ್ನೊಂದಿದೆ!"

ಈ ಮನೆಯ ಪರಿಚಯ ನನಗಾದದ್ದು ಹೀಗೆ. ಮುಂದಿನದರಲ್ಲಿ ಅರ್ಧ ರಾಯರು ಹೇಳಿದ್ದು, ಅರ್ಧ ಅವರ ಹೆಂಡತಿ ಹೇಳಿದ್ದು. (ಇಬ್ಬರ ಮಾತೂ ತಾಳೆಯಾಗದ ಕಡೆ ಹೆಂಡತಿಯ ಮಾತನ್ನೇ ಇಟ್ಟುಕೊಂಡಿದ್ದೇನೆ. ರಾಯರೂ ಹಾಗೆಯೇ ಮಾಡುತ್ತಾರೆ.)

ರಾಯರದು ಪುಸ್ತಕಕ್ಕೆ ಬೈಂಡ್ ಹಾಕುವ ವೃತ್ತಿ. ಮನೆಯಲ್ಲಿ ಮನುಷ್ಯರಿಗಿಂತ ರಟ್ಟು ಹೆಚ್ಚಾಗಿದ್ದುದರಿಂದ ಬೀದಿಯವರು ಅವರಿಗೆ ಆ ಬಿರುದನ್ನು ದಯಪಾಲಿಸಿದ್ದರು. ಅಂಟು, ರಟ್ಟು, ಒತ್ತುಯಂತ್ರ ರಾಯರ ಖಾತೆ. ಹಾಳೆಗಳ ಕಟ್ಟುಗಳನ್ನು ಜೋಡಿಸಿ ದಾರದಿಂದ ಹೊಲಿಯುವುದು ಹೆಂಡತಿಯ ಖಾತೆ. "ನಿಮ್ಮ ಅಂಟು ಬಿಟ್ರೂ ನನ್ನ ದಾರ ಬಿಡಲ್ಲ" ಎಂದು ಆಕೆ ಆಗಾಗ ನೆನಪಿಸುತ್ತಿದ್ದರು. ಅದು ನಿಜವೇ ಆಗಿದ್ದುದರಿಂದ ರಾಯರಿಗೆ ಎದುರಾಡಲು ಆಗುತ್ತಿರಲಿಲ್ಲ.

ಆ ಬೇಸಿಗೆಯಲ್ಲಿ ಆಕೆ ಇದ್ದಕ್ಕಿದ್ದಂತೆ ಸೂಜಿಯನ್ನು ಕೆಳಗಿಟ್ಟರು.

"ಶಾಲೆ ಲೈಬ್ರರಿ ಪುಸ್ತಕಗಳ ಕೆಲಸ ಮುಗೀತಿದ್ದ ಹಾಗೇ ನಾನು ಅಕ್ಕನ ಮನೆಗೆ ಹೋಗ್ತೀನಿ. ಮಳೆ ಬಿದ್ದ ಮೇಲೆ ಬರ್ತೀನಿ."

"ಮಳೆ ಯಾವಾಗ ಬೀಳುತ್ತೋ ಏನೋ!"

"ಅದನ್ನ ಮೋಡಾನ ಕೇಳಿ."

"ಅಲ್ಲೇನಿದೆ ಅಂತ ಹೋಗ್ತೀಯ?"

"ಏಸಿ ಇದೆ. ಭಾವ ಹಾಕಿಸಿದ್ದಾರೆ. ಅಕ್ಕ ಮಟಮಟ ಮಧ್ಯಾಹ್ನ ಕಂಬಳಿ ಹೊದ್ದು ಮಲಗ್ತಾಳಂತೆ."

ಷಡ್ಡಕನ ಸುದ್ದಿ ಕಿವಿಗೆ ಬಿದ್ದೊಡನೆ ರಾಯರ ತಲೆಯ ಮೇಲಿನ ಟವೆಲ್ ತಾನಾಗಿಯೇ ಒಣಗಿತು. ಆದರೆ ನಿಜವಾದ ಸಂಕಟ ಷಡ್ಡಕನದಲ್ಲ. ಹೋದ ಬೇಸಿಗೆಯಲ್ಲಿಯೂ ಆಕೆ ಅಕ್ಕನ ಮನೆಗೆ ಹೋಗಿದ್ದಾಗ ರಾಯರು ತಾವೇ ಅಡುಗೆ ಮಾಡಿ, ತಾವೇ ಉಂಡು, ತಮ್ಮನ್ನು ತಾವೇ ಕ್ಷಮಿಸಿಕೊಂಡಿದ್ದರು. ತಾವೇ ಹೊಲಿದ ಚರಿತ್ರೆಯ ಪುಸ್ತಕವೊಂದರಲ್ಲಿ ರಾಜನು ಮೊದಲು ಸತ್ತು, ಆಮೇಲೆ ಯುದ್ಧ ಗೆದ್ದು, ಕಡೆಗೆ ಹುಟ್ಟಿದ್ದ. ಅದೂ ಹೋಗಲಿ. ಮನೆಯಲ್ಲಿ ಜಗಳವಾಡಲು ಜನವಿಲ್ಲದೆ, ಸಂಜೆಯ ಹೊತ್ತು ಒತ್ತುಯಂತ್ರದೊಡನೆ ಮಾತನಾಡುವ ಗತಿ ಬಂದಿತ್ತು. ಇದನ್ನೆಲ್ಲ ಹೆಂಡತಿಯ ಮುಂದೆ ಹೇಳಿಕೊಂಡರೆ ಮರ್ಯಾದೆಯ ಗತಿಯೇನು? ಆದ್ದರಿಂದ ಎದೆ ಉಬ್ಬಿಸಿ ಹೇಳಿದರು:

"ಈ ಮನೇನ ಎಷ್ಟು ತಣ್ಣಗೆ ಮಾಡ್ತೀನಿ ನೋಡ್ತಿರು. ನೀನೇ ನನ್ನ ಹತ್ರ ಕಂಬಳಿ ಕೇಳ್ತೀಯ!"

"ಕೇಳ್ತೀನಿ. ಆ ಕಂಬಳಿ ಹಾಸಿ, ಅದರ ಮೇಲೆ ಬಟ್ಟೆ ಇಸ್ತ್ರಿ ಮಾಡಿ ಪೆಟ್ಟಿಗೆಗೆ ತುಂಬ್ತೀನಿ."

ಏಸಿ ಹಾಕಿಸುವ ಶಕ್ತಿ ರಾಯರಿಗೆ ಇರಲಿಲ್ಲ. ಆದರೆ ಅವರ ಫೋನಿನಲ್ಲಿ ಒಂದು ಜಾಹೀರಾತು ಬಂತು. ಎಲ್ಲಿಗೆ ಬೇಕಾದರೂ ಎತ್ತಿಕೊಂಡು ಹೋಗಬಹುದಾದ ಪುಟ್ಟ ಕೂಲರ್. ಹೊಟ್ಟೆಯೊಳಗೆ ಐಸ್ ತುಂಬಿದರೆ ಸಾಕು, ಮನೆಯೆಲ್ಲ ಹಿಮಗಿರಿ. ಚಿತ್ರದಲ್ಲಿ ಗಂಡ, ಹೆಂಡತಿ, ಅಜ್ಜಿ, ಮಗು ಎಲ್ಲರೂ ಸ್ವೆಟರ್ ತೊಟ್ಟು ಅದರ ಮುಂದೆ ನಗುತ್ತ ಕುಳಿತಿದ್ದರು. ರಾಯರು ಅಜ್ಜಿಯ ಮುಖವನ್ನು ನೋಡಿ ನಂಬಿದರು. ಅಷ್ಟು ವಯಸ್ಸಾದವರು ಸುಳ್ಳು ನಗೆ ನಗಲಾರರು.

ಬಂದದ್ದು, ನನ್ನ ನಿಘಂಟಿನಂಥ ಎರಡನ್ನು ಒಂದರ ಮೇಲೊಂದು ಇಟ್ಟಷ್ಟು ಎತ್ತರದ ಪೆಟ್ಟಿಗೆ. ಎದುರಿಗೆ ಸಣ್ಣ ಜಾಲರಿ, ಒಳಗೆ ಪುಟ್ಟ ಫ್ಯಾನು, ಹಿಂದೆ ಐಸ್ ಹಾಕುವ ಬಾಯಿ. ರಾಯರು ಅದಕ್ಕೆ ಹಿಮರಾಜ ಎಂದು ಹೆಸರಿಟ್ಟು, ಕೆಲಸದ ಮೇಜಿನ ಮೇಲೆ ಪಟ್ಟಾಭಿಷೇಕ ಮಾಡಿ, ಗುಂಡಿ ಒತ್ತಿದರು. ಹೆಂಡತಿ ಬಂದು ಎದುರಿಗೆ ಕುಳಿತರು.

"ಹೇಗಿದೆ?"

"ತಣ್ಣಗಿದೆ."

"ನಾನು ಹೇಳಲಿಲ್ವಾ!"

"ಮೂಗಿಗೆ."

"ಇನ್ನೂ ಸ್ವಲ್ಪ ಹತ್ರ ಬಾ."

"ಇದಕ್ಕಿಂತ ಹತ್ರ ಬಂದ್ರೆ ನಾನೇ ಅದರೊಳಗೆ ಇರ್ತೀನಿ ಕಣ್ರೀ."

ಆದರೂ ಆಕೆ ನ್ಯಾಯವಂತೆ. ಲೈಬ್ರರಿಯ ಪುಸ್ತಕಗಳು ಮುಗಿಯುವವರೆಗೆ ಹಿಮರಾಜನಿಗೆ ಕಾಲಾವಕಾಶ ಕೊಟ್ಟರು. ಜೊತೆಗೆ, ತುಂಬಿದ ಪೆಟ್ಟಿಗೆಯೊಂದನ್ನು ತಂದು ಮುಂಬಾಗಿಲ ಪಕ್ಕ ಇಟ್ಟರು. ರಾಯರು ತಲೆಯೆತ್ತಿದಾಗಲೆಲ್ಲ ಅದೇ ಕಾಣಿಸುತ್ತಿತ್ತು.

ಹಿಮರಾಜನ ಹಸಿವು ಅಂತಿಂಥದಲ್ಲ. ಹಾಕಿದ ಐಸು ಕಣ್ಣೆದುರಿಗೇ ನೀರಾಗುತ್ತಿತ್ತು. ರಾಯರು ಫ್ರಿಜ್ಜಿನ ಮೇಲಿನ ಅಂಕಣದಲ್ಲಿದ್ದ ಬಟಾಣಿಯನ್ನು, ಹಾಲನ್ನು, ಹೆಂಡತಿ ಅಡಗಿಸಿಟ್ಟಿದ್ದ ಐಸ್‌ಕ್ರೀಮನ್ನು ಗಡೀಪಾರು ಮಾಡಿದರು. (ಐಸ್‌ಕ್ರೀಮ್ ಗಡಿ ದಾಟಲಿಲ್ಲ, ರಾಯರ ಬಾಯಿಯಲ್ಲಿಯೇ ನೆಲೆಸಿತು.) ಐಸಿನ ಅಚ್ಚುಗಳು ಸಾಲದೆ ಲೋಟ, ಬಟ್ಟಲು, ಊಟದ ಡಬ್ಬಿ, ಮುಚ್ಚಳ, ಕಡೆಗೆ ಸೋಪಿನ ಪೆಟ್ಟಿಗೆಯಲ್ಲಿಯೂ ನೀರಿಟ್ಟರು. ದಿನವಿಡೀ ಫ್ರಿಜ್ಜಿನ ಬಾಗಿಲು ತೆಗೆಯುವುದು, ಹಾಕುವುದು. ಆ ಬಡಪಾಯಿ ಫ್ರಿಜ್ಜು ಏರು ಹತ್ತುವ ಲಾರಿಯಂತೆ ಗೊರಗೊರ ಎನ್ನತೊಡಗಿತು.

ಒಂದು ಮಧ್ಯಾಹ್ನ ಅಡುಗೆಮನೆಯಿಂದ ಕೂಗು ಬಂತು.

"ರೀ, ಬನ್ನಿ ಇಲ್ಲಿ! ಈ ಫ್ರಿಜ್ಜಿನ ಬೆನ್ನು ಮುಟ್ಟಿ ನೋಡಿ."

ರಾಯರು ಮುಟ್ಟಿದರು. ತಕ್ಷಣ ಕೈ ಹಿಂದಕ್ಕೆ ಎಳೆದುಕೊಂಡರು.

"ಒಲೆ ಒಂದು ಸಾಲದು ಅಂತ ಇದನ್ನೂ ಹಚ್ಚಿದ್ದೀರಾ? ಅಲ್ಲಿ ನಿಮ್ಮ ಮೂಗು ತಣ್ಣಗಾಗೋಕೆ ಇಲ್ಲಿ ನಾನು ಬೇಯಬೇಕಾ?"

"ಐಸ್ ಮಾಡುವಾಗ ಅದಕ್ಕೆ ಸ್ವಲ್ಪ ಬೆವರು ಬರುತ್ತೆ ಕಣೇ."

"ಬೆವರೋದಾದ್ರೆ ನಿಮ್ಮ ಪಕ್ಕದಲ್ಲೇ ಬೆವರಲಿ. ಎತ್ಕೊಂಡು ಹೋಗಿ!"

ಆಜ್ಞೆಯಂತೆ ಫ್ರಿಜ್ಜನ್ನು ಕೆಲಸದ ಕೋಣೆಗೆ ತಳ್ಳಿಕೊಂಡು ಬಂದದ್ದಾಯಿತು. ಅದನ್ನು ಇಡಲು ಉಳಿದಿದ್ದ ಜಾಗ ರಾಯರ ಕುರ್ಚಿಯ ಹಿಂದೆ ಮಾತ್ರ, ಅದೂ ಬೆನ್ನಿಗೆ ಬೆನ್ನು ಕೊಟ್ಟು. ಅಂದಿನಿಂದ ರಾಯರಿಗೆ ಎದುರಿನಿಂದ ಚಳಿಗಾಲ, ಹಿಂದಿನಿಂದ ಬೇಸಿಗೆ. ಮೂಗು ಸೋರುತ್ತಿತ್ತು, ಬೆನ್ನು ಬೆವರುತ್ತಿತ್ತು. ಆದರೂ ಬಾಗಿಲ ಪಕ್ಕದ ಪೆಟ್ಟಿಗೆಯನ್ನು ನೋಡಿ ಹಲ್ಲು ಕಚ್ಚಿಕೊಂಡರು. ತಂಪು ಹೊರಗೆ ಹೋಗಬಾರದೆಂದು ಕಿಟಕಿಯ ಸಂದುಗಳಿಗೆಲ್ಲ ಹಳೆಯ ಕಾಗದ ಅಂಟಿಸಿದರು. ಬಾಗಿಲ ಕೆಳಗೆ ಗೋಣಿ ತುರುಕಿದರು. ಹಗಲಿಡೀ ಹಿಮರಾಜ ಓಡಿದ. ಆ ಮುಚ್ಚಿದ ಕೋಣೆಯೊಳಗೆ ಹೆಂಡತಿ ಹೊಲಿದುಕೊಟ್ಟ ಪುಸ್ತಕಗಳಿಗೆ ರಾಯರು ಅಂಟು ಹಚ್ಚಿ, ರಟ್ಟು ಹಾಕಿ, ಒತ್ತುಯಂತ್ರಕ್ಕೆ ಸೇರಿಸುತ್ತ ಹೋದರು. ಅವುಗಳ ನಡುವೆ ನನ್ನ ನಿಘಂಟೂ ಇತ್ತು.

ಕಡೆಯ ಪುಸ್ತಕದ ಹೊಲಿಗೆ ಮುಗಿಯಿತು. ಹೆಂಡತಿ ಎದ್ದು ಮುಖ ತೊಳೆದರು.

"ಹಾಗಾದ್ರೆ ನಾನು ನಾಳೆ ಹೊರಡ್ತೀನಿ."

"ಇಷ್ಟು ತಂಪಿದ್ರೂನಾ?"

"ನಿಮ್ಮ ಹಿಮರಾಜ ಒಬ್ಬರ ಮೂಗಿಗೆ ಆಗ್ತಾನೆ. ಅದನ್ನ ನೀವೇ ಇಟ್ಕೊಳ್ಳಿ. ನಾನು ಪೂರ್ತಿ ತಣ್ಣಗಾಗೋ ಕಡೆ ಹೋಗ್ತೀನಿ."

ರಾಯರು ಒಂದು ಲೋಟದಾಕಾರದ ಐಸನ್ನು ಹಿಮರಾಜನ ಬಾಯಿಗೆ ಹಾಕಿದರು. ಪಾಪ, ಅದೂ ಕರಗಿತು.

ಮರುದಿನ ಬೆಳಿಗ್ಗೆ ನಾನು ನಿಘಂಟಿಗಾಗಿ ಹೋದಾಗ ಆಕೆ ಹೊಸ ಚಪ್ಪಲಿ ಮೆಟ್ಟಿ, ಪೆಟ್ಟಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ರಾಯರ ಮುಖ ಬೆನ್ನು ಮುರಿದ ಪುಸ್ತಕದಂತಿತ್ತು. ಆದರೂ ವೃತ್ತಿಯ ಅಭಿಮಾನ ನೋಡಿ: "ಒಂದು ನಿಮಿಷ ಇರು. ನಮ್ಮ ಕೆಲಸ ಹೇಗೆ ಬಂದಿದೆ ಅಂತ ನೋಡ್ಕೊಂಡಾದ್ರೂ ಹೋಗು" ಎಂದು ಒತ್ತುಯಂತ್ರದ ತಿರುಗಣೆ ಸಡಿಲಿಸಿದರು.

ಮೇಲಿನ ಹಲಗೆ ಎತ್ತುತ್ತಿದ್ದಂತೆ ಪುಸ್ತಕಗಳು ನಿಟ್ಟುಸಿರು ಬಿಟ್ಟವು. ಒಂದೊಂದೇ ಮೆಲ್ಲಗೆ ಬಾಯಿ ತೆರೆಯಿತು. ರಟ್ಟುಗಳು ಎರಡೂ ಕಡೆಯಿಂದ ಮೇಲಕ್ಕೆ ಬಾಗಿ ನಿಂತವು. ಅಂಟು ಹಾಲಿನ ಕೆನೆಯಂತೆ ಹಸಿಯಾಗಿಯೇ ಇತ್ತು. ನನ್ನ ನಿಘಂಟು ಹಾರ್ಮೋನಿಯಮ್ಮಿನ ಹಾಗೆ ಉಬ್ಬಿತ್ತು.

ಹೆಂಡತಿ ಒಂದನ್ನು ಕೈಗೆತ್ತಿಕೊಂಡರು.

"ಇದೇನ್ರೀ ಇದು?"

"ಪುಸ್ತಕ."

"ಹೌದಾ? ದೋಣಿ ಅಂದ್ಕೊಂಡೆ."

"ಸ್ವಲ್ಪ... ತೇವ ಎಳ್ಕೊಂಡಿರಬೇಕು."

ಆಕೆ ಗೋಡೆ ಮುಟ್ಟಿ ನೋಡಿದರು, ಬೆರಳು ಒದ್ದೆಯಾಯಿತು. ಮೇಜು ಮುಟ್ಟಿದರು, ಅಲ್ಲಿಯೂ ಅದೇ. "ಮನೆ ತಂಪು ಮಾಡ್ತೀನಿ ಅಂತ ಹೋಗಿ ಕೆರೆ ಮಾಡಿದ್ದೀರಲ್ರೀ! ಅಷ್ಟು ಐಸು ಕರಗಿ ಎಲ್ಲಿಗೆ ಹೋಯ್ತು ಅಂದ್ಕೊಂಡ್ರಿ? ಎಲ್ಲ ಶಾಲೆ ಮಕ್ಕಳ ಪುಸ್ತಕದೊಳಗೆ ಹೋಗಿ ಕೂತಿದೆ!"

ರಾಯರು ಕಳ್ಳತನದಲ್ಲಿ ಸಿಕ್ಕಿಬಿದ್ದ ವಿದ್ಯಾರ್ಥಿಯಂತೆ ನೆಲ ನೋಡುತ್ತಿದ್ದರು. (ಆ ಭಂಗಿ ನನಗೆ ಚೆನ್ನಾಗಿ ಗೊತ್ತು.) "ನೀನು ಹೊರಡು," ಎಂದರು ಮೆಲ್ಲಗೆ. "ನಾನು ಹೇಗೋ ಸರಿಮಾಡ್ತೀನಿ."

"ಹೇಗೆ? ಹೋದ ವರ್ಷ ರಾಜನ್ನ ಸರಿಮಾಡಿದ ಹಾಗಾ?"

ಪೆಟ್ಟಿಗೆ ಕೆಳಗಿಳಿಯಿತು. ಚಪ್ಪಲಿ ಮೂಲೆ ಸೇರಿತು. ಆಕೆ ಸೆರಗು ಸಿಕ್ಕಿಸಿ, ಕಿಟಕಿಯ ಕಾಗದಗಳನ್ನೆಲ್ಲ ಪರಪರನೆ ಹರಿದು, ಬಾಗಿಲು ತೆರೆದರು. ಬೆಂಕಿಯಂಥ ಗಾಳಿ ನುಗ್ಗಿತು. ಅದು ಅಷ್ಟು ಹಿತವೆನಿಸಿದ್ದು ನನಗೆ ಅದೇ ಮೊದಲು. ಪುಸ್ತಕಗಳನ್ನು ಬಿಸಿಲಿಗಿಡೋಣವೆಂದು ರಾಯರು ಎತ್ತಿಕೊಂಡರೆ, "ಬಿಸಿಲಿಗಿಟ್ರೆ ರಟ್ಟು ಇನ್ನೂ ಸೆಟೆದುಕೊಳ್ಳುತ್ತೆ, ನಿಮಗೆ ಗೊತ್ತಿಲ್ವಾ?" ಎಂದು ಗದರಿದರು. ಹದವಾದ ಬೆಚ್ಚನೆಯ ಜಾಗ ಬೇಕಾಗಿತ್ತು. ಆಕೆ ಸುತ್ತ ನೋಡಿದರು. ಕಣ್ಣು ಫ್ರಿಜ್ಜಿನ ಬೆನ್ನ ಮೇಲೆ ನಿಂತಿತು.

ಎರಡು ಹಲಗೆಗಳ ನಡುವೆ ಬಿಗಿದ ಮೊದಲ ಪುಸ್ತಕವನ್ನು ಆಕೆ ಅಲ್ಲಿಗೆ ಒರಗಿಸಿದರು. ಸ್ವಲ್ಪ ಹೊತ್ತಾದ ಮೇಲೆ ತೆಗೆದು, ಮುಟ್ಟಿ, ಮೂಸಿ, "ಹೂಂ" ಎಂದರು. ಆ "ಹೂಂ" ಕೇಳಿ ರಾಯರ ಮುಖಕ್ಕೆ ಹೊಸ ರಟ್ಟು ಹಾಕಿದಂತಾಯಿತು.

ಅಷ್ಟರಲ್ಲಿ ಅಕ್ಕನ ಫೋನು ಬಂತು. ರಾಯರು ಉಸಿರು ಬಿಗಿಹಿಡಿದರು.

"ಈಗ ಬರೋಕಾಗಲ್ಲ ಅಕ್ಕಾ. ಏನಿಲ್ಲ, ಇವರು ಮನೇನೇ ತಂಪು ಮಾಡಿಬಿಟ್ಟಿದ್ದಾರೆ... ನಿಜ ಕಣೇ... ಭಾವನಿಗೂ ಹೇಳು. ನಿಮ್ಮ ಏಸಿಲಿ ಗೋಡೆ ಬೆವರುತ್ತಾ? ಇಲ್ಲ ತಾನೆ? ನಮ್ಮನೇಲಿ ಬೆವರ್ತಿದೆ!"

ಫೋನಿಟ್ಟು ಗಂಡನ ಕಡೆ ತಿರುಗಿದರು. "ಹಲ್ಲು ಕಿರಿಯೋದು ಸಾಕು. ಅಂಟು ಕೆರೆಯೋ ಚಾಕು ತನ್ನಿ. ಎಲ್ಲಾದನ್ನೂ ಬಿಚ್ಚಬೇಕು."

ಹಿಮರಾಜನ ತಂಪಿಗೆ ಒಲಿಯದ ಹೆಂಡತಿ, ಹಿಮರಾಜ ಮಾಡಿದ ಅನಾಹುತಕ್ಕೆ ಹೀಗೆ ಮನೆಯಲ್ಲಿಯೇ ಉಳಿದರು. ಅಂದೇ ಮನೆಯ ಹೊಸ ವ್ಯವಸ್ಥೆಯೂ ಜಾರಿಗೆ ಬಂತು. ಆಕೆ ಒಳಕೋಣೆಯಲ್ಲಿ, ತೆರೆದ ಕಿಟಕಿಯ ಬಳಿ, ಹಿಮರಾಜನ ಮುಂದೆ ಕುಳಿತು ಹೊಲಿಯಬೇಕು. ಹಿಮರಾಜನಿಗೆ ಐಸು ಬೇಕು. ಐಸಿಗೆ ಫ್ರಿಜ್ಜು ದುಡಿಯಬೇಕು. ಫ್ರಿಜ್ಜು ದುಡಿದರೆ ಅದರ ಬೆನ್ನು ಕಾಯುತ್ತದೆ, ಬೆನ್ನು ಕಾದರೆ ಪುಸ್ತಕ ಒಣಗುತ್ತದೆ. ಇಷ್ಟು ಸರ್ವಾಂಗಸುಂದರವಾದ ಯಂತ್ರದಲ್ಲಿ ಖಾಲಿಯಿದ್ದ ಹುದ್ದೆ ಒಂದೇ: ಪುಸ್ತಕ ಮಗುಚುವುದು ಮತ್ತು ಐಸು ಹೊರುವುದು. ಅದಕ್ಕೆ ರಾಯರ ನೇಮಕವಾಯಿತು.

ಲೈಬ್ರರಿಯ ಪುಸ್ತಕಗಳು ಸ್ವಲ್ಪ ತಡವಾಗಿಯಾದರೂ ನೆಟ್ಟಗೆ ನಿಂತುಕೊಂಡು ಶಾಲೆಗೆ ಹೋದವು. ನನ್ನ ನಿಘಂಟು ಮಾತ್ರ ಮೇಜಿನ ಮೇಲಿಟ್ಟರೆ ಈಗಲೂ ತೊಟ್ಟಿಲಿನ ಹಾಗೆ ಒಂದು ಸಲ ತೂಗಿಯೇ ನಿಲ್ಲುತ್ತದೆ. ಸರಿಮಾಡಿಕೊಡುತ್ತೇನೆಂದು ರಾಯರು ಎಷ್ಟು ಹೇಳಿದರೂ ನಾನು ಕೊಟ್ಟಿಲ್ಲ.

ಮಳೆ ಇನ್ನೂ ಬಂದಿಲ್ಲ. ಸಂಜೆ ಅಡ್ಡಾಡಲು ಹೊರಟಾಗ ಈಗ ನಾನು ಅವರ ಮನೆಗೊಮ್ಮೆ ಹೋಗುತ್ತೇನೆ. ಮೊನ್ನೆಯೂ ಹೋಗಿದ್ದೆ. ತಲೆಯ ಮೇಲೆ ಅದೇ ಒದ್ದೆ ಟವೆಲ್, ಕಾಲು ಅದೇ ಬಕೆಟ್ಟಿನಲ್ಲಿ, ಹಿಂದೆ ಫ್ರಿಜ್ಜಿನ ಗೊರಗೊರ. ಬಾಗಿಲ ಪಕ್ಕದ ಪೆಟ್ಟಿಗೆಯ ಮೇಲೆ ಈಗ ರಟ್ಟು ಕತ್ತರಿಸುತ್ತಾರೆ.

"ಏನ್ರಾಯರೇ, ಮನೆ ತಂಪು ಮಾಡಿ ನೀವು ಮೊದಲಿದ್ದಲ್ಲಿಗೇ ಬಂದ್ರಲ್ಲ?"

"ಮೊದಲಿಗಿಂತ ಸೆಕೆ ಜಾಸ್ತಿ ಸಾರ್. ಆಗ ಹಿಂದೆ ಫ್ರಿಜ್ ಇರಲಿಲ್ಲ." ರಾಯರು ಒಳಕೋಣೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು. "ಆದ್ರೆ ಇವಳು ಹೋಗಲಿಲ್ಲ ನೋಡಿ!"

"ರೀ! ಐಸ್!" ಎಂದು ಒಳಗಿನಿಂದ ಕೂಗು ಬಂತು.

"ಬಂದೇ!" ಎಂದು ರಾಯರು ಬಕೆಟ್ಟಿನಿಂದ ಜಿಗಿದು, ಸೋಪಿನ ಪೆಟ್ಟಿಗೆಯಾಕಾರದ ಐಸನ್ನು ಹಿಡಿದು, ನೆಲದ ಮೇಲೆ ಒದ್ದೆ ಹೆಜ್ಜೆಯೂರುತ್ತ ಓಡಿದರು. ಬಾಗಿಲಲ್ಲಿ ಒಂದು ಕ್ಷಣ ತಿರುಗಿ ನಿಂತರು.

"ನಿಮ್ಮ ಬಕೆಟ್ ಅಲ್ಲೇ ಇದೆ ಸಾರ್. ಕಾಲಿಡಿ."

ನಾನು ಚಪ್ಪಲಿ ಬಿಟ್ಟು, ಪಂಚೆ ಮೇಲೆತ್ತಿ, ಕಾಲಿಟ್ಟೆ.